ಮೂವತ್ತೊಂದರಿಂದ ಮೂವತ್ತೆಂಟನೆಯ ಪುಟ

೪ ಜೂನ್

ಪ್ರೀತಿಯ ಚಿಕ್ಕಪ್ಪನಿಗೆ,

ಜೊತೆಗಿರುವ ದಪ್ಪ ಕಟ್ಟು ನೋಡಿ ಗಾಬರಿಯಾಗಬೇಡಿ. ನನ್ನ ಚಿತ್ರಕಥೆಯ ಮೊದಲ ಕರಡು. ಮೂರು ವರ್ಷದಿಂದ ‘ಬರೀತಾ ಇದ್ದೀನಿ, ಬರೀತಾ ಇದ್ದೀನಿ’ ಅಂತ ನಿಮಗೆ ಕಾಗೆ ಹಾರಿಸುತ್ತಿದ್ದೆನಲ್ಲ, ಅಂತೂ ಮುಗಿಯಿತು. ನಿರ್ದೇಶಕರು ಒಪ್ಪಿದ್ದಾರೆ. ನಿರ್ಮಾಪಕರು ಒಪ್ಪುವ ಹಾಗಿದ್ದಾರೆ. ಕೊನೆಯ ದೃಶ್ಯ ಓದಿ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಆಮೇಲೆ ಚಹಾ ತಣ್ಣಗಾಗಿದೆ ಅಂತ ಯಾರಿಗೋ ಬೈದರು.

ಕಥೆ ನಿಮಗೆ ಗೊತ್ತಿರುವುದೇ. ಒಬ್ಬ ಗಡಿಯಾರ ರಿಪೇರಿಯವನು. ಅಣ್ಣ-ಅತ್ತಿಗೆ ಇಬ್ಬರಿಗೂ ಮಿಲ್ಲಿನಲ್ಲಿ ಸಂಜೆ ಪಾಳಿ, ಹಾಗಾಗಿ ಅವರ ಮಗಳು ಶಾಲೆ ಬಿಟ್ಟ ಮೇಲೆ ಇವನ ಅಂಗಡಿಯಲ್ಲಿ ಕೂರುತ್ತಾಳೆ. ಇವನ ಮಾತು ಉಗ್ಗು. ಗಿರಾಕಿಗಳ ಹತ್ತಿರ ಇವನು ಶುರು ಮಾಡಿದ ವಾಕ್ಯವನ್ನು ಅವಳು ಮುಗಿಸುತ್ತಾಳೆ. ಬೀದಿಯವರೆಲ್ಲ ಅವಳನ್ನು ವಕೀಲಮ್ಮ ಅನ್ನುತ್ತಾರೆ. ಆ ಹೆಸರನ್ನು ಮಾತ್ರ ಬದಲಾಯಿಸಲು ಮನಸ್ಸು ಬರಲಿಲ್ಲ.

ಎರಡನೆಯ ಕರಡಿಗೆ ನನಗೆ ಆರು ವಾರ ಕೊಟ್ಟಿದ್ದಾರೆ. ನಿಮ್ಮಿಂದ ಒಂದೇ ಉಪಕಾರ. ಗಡಿಯಾರದ ವಿಷಯದಲ್ಲಿ ನಾನು ತಪ್ಪು ಬರೆದಿದ್ದರೆ ಕೆಂಪು ಪೆನ್ಸಿಲಿನಲ್ಲಿ ಗುರುತು ಮಾಡಿ. ಮನುಷ್ಯರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಅವರನ್ನು ನಾನು ನೋಡಿಕೊಳ್ಳುತ್ತೇನೆ.

ನಿಮ್ಮ ವಕೀಲಮ್ಮ


೧೫ ಜೂನ್

ವಕೀಲಮ್ಮನಿಗೆ ಆಶೀರ್ವಾದ.

‘ಇಷ್ಟು ಬರೆಯೋ ಬದಲು ಒಂದು ಫೋನ್ ಮಾಡಬಾರದಾ’ ಅಂತ ಅತ್ತಿಗೆ ಕೇಳಿದರು. ಫೋನಿನಲ್ಲಿ ನಾನು ‘ಹಲೋ’ ದಾಟುವುದರೊಳಗೆ ಆಚೆಯವರು ಲೈನು ಕಟ್ಟಾಯಿತು ಅಂತ ಇಟ್ಟುಬಿಡುತ್ತಾರೆ. ಕಾಗದದಲ್ಲಿ ನನ್ನನ್ನು ತಡೆಯುವವರು ಯಾರೂ ಇಲ್ಲ. ಆದ್ದರಿಂದ ಸಾವಕಾಶವಾಗಿ ಓದು.

ಏಳನೆಯ ಪುಟ: ಅವನು ವಾಚಿನ ಹಿಂಬದಿ ತೆಗೆದು ಬಾಯಿಂದ ಊದುತ್ತಾನೆ. ಊದಿದರೆ ಉಗುಳಿನ ತೇವ ಒಳಗೆ ಹೋಗಿ ತುಕ್ಕು ಹಿಡಿಯುತ್ತದೆ. ಅದಕ್ಕೆ ರಬ್ಬರಿನ ಬುರುಡೆ ಇದೆ, ನೀನು ಚಿಕ್ಕವಳಿದ್ದಾಗ ಅದರಿಂದ ನನ್ನ ಕಿವಿಗೆ ಗಾಳಿ ಬಿಡುತ್ತಿದ್ದೆ. ಹನ್ನೆರಡನೆಯ ಪುಟ: ಗಂಟೆ ಹೊಡೆಯುವ ಗೋಡೆ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸುತ್ತಾನೆ. ಹಾಗೆ ಮಾಡಿದರೆ ಗಂಟೆ ಹೊಡೆಯುವ ಲೆಕ್ಕವೇ ಕೆಡುತ್ತದೆ, ಇವನನ್ನು ಕೆಲಸದಿಂದ ತೆಗೆ. ಇಪ್ಪತ್ತೆರಡನೆಯ ಪುಟ: ಅಂಗಡಿಯ ಎಲ್ಲ ಗಡಿಯಾರಗಳೂ ಒಟ್ಟಿಗೆ ಆರು ಹೊಡೆಯುತ್ತವೆ. ನನ್ನ ಅಂಗಡಿಯಲ್ಲಿ ಎರಡು ಗಡಿಯಾರ ಯಾವತ್ತಾದರೂ ಒಂದೇ ಸಮಯ ತೋರಿಸಿದ್ದು ಉಂಟೇ? ಸರಿಯಿದ್ದರೆ ಯಾರು ತರುತ್ತಾರೆ? ಉಳಿದ ಒಂಬತ್ತು ತಪ್ಪುಗಳನ್ನು ಅಲ್ಲಲ್ಲೇ ಗುರುತು ಮಾಡಿದ್ದೇನೆ.

ಇನ್ನೊಂದು ಮಾತು. ವಾಚು ಬಿಚ್ಚುವಾಗ ನಾನು ಒಂದೊಂದು ಸ್ಕ್ರೂವನ್ನೂ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಎಣಿಸುತ್ತೇನೆ, ಮುಚ್ಚುವಾಗ ಮತ್ತೆ ಎಣಿಸುತ್ತೇನೆ. ಕೈಗೆ ಅಂಟಿದ ಅಭ್ಯಾಸ. ನಿನ್ನ ಕಟ್ಟಿನಲ್ಲಿ ಮೂವತ್ತನೆಯ ಪುಟದ ಮೇಲೆ ಮೂವತ್ತೊಂಬತ್ತು ಬರುತ್ತದೆ. ಮೂವತ್ತರಲ್ಲಿ ಲೈಬ್ರರಿಯ ಮೇಡಂ ವಾಚು ಹಿಡಿದು ಅಂಗಡಿಗೆ ಬರುತ್ತಾರೆ. ಮೂವತ್ತೊಂಬತ್ತರಲ್ಲಿ ಅವರಿಲ್ಲ, ಆಮೇಲೆ ಎಲ್ಲೂ ಇಲ್ಲ, ಹುಡುಗಿ ಮೆಟ್ಟಿಲ ಮೇಲೆ ಅಳುತ್ತಿದ್ದಾಳೆ. ನಡುವೆ ಏನೋ ಆಗಿದೆ.

ಆ ಎಂಟು ಪುಟ ಕಳಿಸು.

ಚಿಕ್ಕಪ್ಪ


೨೧ ಜೂನ್

ಪ್ರೀತಿಯ ಚಿಕ್ಕಪ್ಪ,

ನೀವು ಹನ್ನೆರಡು ತಪ್ಪು ಹುಡುಕಿದ್ದನ್ನು ನೋಡಿ ನಿರ್ದೇಶಕರು ‘ಇವರನ್ನೇ ಬರೆಯೋಕೆ ಇಟ್ಕೋಬೇಕಿತ್ತು’ ಅಂದರು. ನಾನು ನಕ್ಕೆ, ಸ್ವಲ್ಪ ಉರಿಯಿತು.

ಪುಟಗಳ ವಿಷಯ: ಜೆರಾಕ್ಸ್ ಅಂಗಡಿಯವನ ಎಡವಟ್ಟು. ಅಲ್ಲಿ ಅಂಥ ವಿಶೇಷವೇನೂ ಇಲ್ಲ, ಒಂದು ನಗೆಯ ದೃಶ್ಯ. ಹೇಗೂ ಎರಡನೆಯ ಕರಡಿನಲ್ಲಿ ಅದು ಬದಲಾಗುತ್ತದೆ, ಸುಮ್ಮನೆ ಓದಿ ನಿಮ್ಮ ಕಣ್ಣು ಯಾಕೆ ನೋಯಬೇಕು. ಮೊದಲ ಭಾಗ ಎಳೆದಂತಿದೆ, ಹತ್ತು ಪುಟ ಕತ್ತರಿಸಬೇಕು. ಅಪ್ಪ-ಅಮ್ಮನ ಪಾತ್ರಗಳಿಗೆ ಮಾತು ಕಡಿಮೆ, ಅವರಿಗೊಂದು ಜಗಳ ಕೊಡಬೇಕು. ಗೋಡೆಗೆ ಎಪ್ಪತ್ತು ಚೀಟಿ ಅಂಟಿಸಿದ್ದೇನೆ, ಒಂದು ದೃಶ್ಯಕ್ಕೆ ಒಂದು ಚೀಟಿ. ಬೆಳಗ್ಗೆ ಎದ್ದು ಅವುಗಳನ್ನು ಹಿಂದೆ ಮುಂದೆ ಮಾಡುತ್ತೇನೆ, ಸಂಜೆಗೆ ಮೊದಲಿದ್ದಲ್ಲೇ ಇರುತ್ತವೆ.

ಕೊನೆಯ ದೃಶ್ಯದ ಬಗ್ಗೆ ನೀವು ಏನೂ ಬರೆಯಲಿಲ್ಲ. ಅದನ್ನು ನಿಮಗೆಂದೇ ಬರೆದೆ. ನನ್ನ ಓದಿಗಾಗಿ ನೀವು ಮಾಡಿದ್ದನ್ನು ಇಷ್ಟು ವರ್ಷ ಬಾಯಿಬಿಟ್ಟು ಹೇಳಿರಲಿಲ್ಲ.

ನಿಮ್ಮ ವಕೀಲಮ್ಮ


೨ ಜುಲೈ

ವಕೀಲಮ್ಮನಿಗೆ,

ನಿನ್ನ ಜೆರಾಕ್ಸ್ ಅಂಗಡಿಯವನು ಬಹಳ ಜಾಣ. ಹಿಂದೊಂದು ಸಾಲು ಬಿಡಲಿಲ್ಲ, ಮುಂದೊಂದು ಸಾಲು ತಿನ್ನಲಿಲ್ಲ, ಸರಿಯಾಗಿ ಒಂದು ದೃಶ್ಯವನ್ನು ಎತ್ತಿ ಪಕ್ಕಕ್ಕಿಟ್ಟಿದ್ದಾನೆ. ಅವನಿಗೆ ನನ್ನ ಅಂಗಡಿಯಲ್ಲಿ ಕೆಲಸ ಕೊಡಬಹುದು.

ನೀನು ಯಾಕೆ ಮುಚ್ಚಿಡುತ್ತಿದ್ದೀಯ ಅಂತ ನನಗೆ ಅನಿಸಿದ್ದನ್ನು ಹೇಳುತ್ತೇನೆ. ಕರಡನ್ನು ಮತ್ತೆ ಓದಿದೆ. ಉಳಿದ ತೊಂಬತ್ತು ಪುಟಗಳಲ್ಲಿ ಈ ರಿಪೇರಿಯವನು ಒಂದು ಸಲವೂ ಉಗ್ಗುವುದಿಲ್ಲ. ಉಗ್ಗು ಅಂತ ಬೇರೆಯವರು ಹೇಳುತ್ತಾರೆ, ಇವನು ಸುಮ್ಮನೆ ಮುಗುಳ್ನಗುತ್ತಾ ಕೂತಿರುತ್ತಾನೆ. ಯಾರಿವನು? ನಾನು ಬಾಯಿಲ್ಲದ ದೇವರಲ್ಲ, ಬಾಯಿ ಬಿಟ್ಟರೆ ‘ಪ’ ಹತ್ತಿರ ಸಿಕ್ಕಿಕೊಳ್ಳುವ ಮನುಷ್ಯ. ಉಗ್ಗೆಲ್ಲ ಆ ಎಂಟು ಪುಟಗಳಲ್ಲಿದೆ, ಓದಿದರೆ ಚಿಕ್ಕಪ್ಪನಿಗೆ ನೋವಾಗುತ್ತದೆ ಅಂತ ತೆಗೆದಿಟ್ಟಿದ್ದೀಯ. ಅಷ್ಟೇ ತಾನೆ? ಐವತ್ತೆಂಟು ವರ್ಷ ಈ ನಾಲಿಗೆಯ ಜೊತೆ ಸಂಸಾರ ಮಾಡಿದ್ದೇನೆ. ಕಳಿಸು.

ಕೊನೆಯ ದೃಶ್ಯವನ್ನು ಎರಡು ಸಲ ಓದಿದೆ. ಚೆನ್ನಾಗಿ ಬರೆದಿದ್ದೀಯ. ಈಗ ಅದಕ್ಕಿಂತ ಹೆಚ್ಚು ಏನೂ ಹೇಳಲಾರೆ.

ಚಿಕ್ಕಪ್ಪ


೧೦ ಜುಲೈ

ಚಿಕ್ಕಪ್ಪ,

ಎಂಟು ಪುಟ ಇದರ ಜೊತೆಗಿವೆ. ಜೆರಾಕ್ಸ್ ಅಂಗಡಿಯವನು ನಿರಪರಾಧಿ.

ಹೋದ ವಾರ ನಟರನ್ನೆಲ್ಲ ಕೂರಿಸಿ ಕರಡನ್ನು ಗಟ್ಟಿಯಾಗಿ ಓದಿಸಿದರು. ಉದ್ದದ ಮೇಜು, ಹನ್ನೆರಡು ಜನ, ಎಲ್ಲರ ಮುಂದೆ ನೀರಿನ ಬಾಟಲಿ. ಮೂವತ್ತೊಂದನೆಯ ಪುಟದವರೆಗೆ ಎಲ್ಲರೂ ಗಡಿಯಾರ ನೋಡುತ್ತಿದ್ದರು. ಅಲ್ಲಿ ಶುರುವಾಯಿತು ನಗು. ರಿಪೇರಿಯವನು ಮೇಡಂಗೆ ತನ್ನ ಮನಸ್ಸನ್ನು ಹೇಳಲು ಬಾಯಿ ತೆಗೆಯುತ್ತಾನೆ, ಮಾತು ಸಿಕ್ಕಿಕೊಳ್ಳುತ್ತದೆ, ಹುಡುಗಿ ಪಾಪ ಏನೂ ತಿಳಿಯದೆ ಎಂದಿನಂತೆ ವಾಕ್ಯ ಮುಗಿಸುತ್ತಾಳೆ: ‘ನಿಮ್ಮ ವಾಚು ಇನ್ನು ಸರಿಹೋಗಲ್ಲ, ಬೇರೆ ಅಂಗಡಿಗೆ ತಗೊಂಡು ಹೋಗಿ ಅಂತಿದ್ದಾರೆ.’ ಅವನು ಇನ್ನೊಮ್ಮೆ ಶುರು ಮಾಡುತ್ತಾನೆ, ಅವಳು ಇನ್ನೊಮ್ಮೆ ಮುಗಿಸುತ್ತಾಳೆ. ನಿರ್ಮಾಪಕರು ಮೇಜು ಕುಟ್ಟಿ ನಕ್ಕರು.

ನಟನಿಗೆ ಉಗ್ಗು ಸರಿಯಾಗಿ ಬರುತ್ತಿರಲಿಲ್ಲ. ‘ಹೇಗೆ, ಒಮ್ಮೆ ಮಾಡಿ ತೋರಿಸಿ’ ಅಂದ. ತೋರಿಸಿದೆ, ಚಿಕ್ಕಪ್ಪ. ನಿಮ್ಮ ಹಾಗೆ ಬಲಗಣ್ಣು ಮುಚ್ಚಿ, ನಿಮ್ಮ ಹಾಗೆ ಹೆಬ್ಬೆರಳನ್ನು ಮೇಜಿಗೆ ಒತ್ತಿ, ‘ಪ’ ಹತ್ತಿರ ನಿಂತು ತೋರಿಸಿದೆ. ಹನ್ನೆರಡೂ ಜನ ನಕ್ಕರು. ನಾನೂ ನಕ್ಕೆ. ಆಮೇಲೆ ಕೈತೊಳೆಯುವ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ನನ್ನ ಮುಖ ನನಗೇ ನೋಡಲಾಗಲಿಲ್ಲ.

ಆ ದೃಶ್ಯವನ್ನು ತೆಗೆದುಬಿಡಿ ಅಂತ ನೀವು ಒಂದು ಮಾತು ಬರೆದರೆ ತೆಗೆಯುತ್ತೇನೆ.


೩೦ ಜುಲೈ

ಚಿಕ್ಕಪ್ಪ,

ಇಪ್ಪತ್ತು ದಿನವಾಯಿತು. ನೀವು ಕಾಗದಕ್ಕೆ ಇಷ್ಟು ದಿನ ತೆಗೆದುಕೊಂಡವರಲ್ಲ. ಹುಷಾರಾಗಿದ್ದೀರಾ ಅಂತ ಅಮ್ಮನನ್ನು ಕೇಳಿದೆ. ‘ಚೆನ್ನಾಗೇ ಇದ್ದಾನೆ, ಅಂಗಡಿಗೆ ಹೋಗ್ತಾನೆ, ಬರ್ತಾನೆ, ಊಟ ಮಾತ್ರ ಅರ್ಧಕ್ಕೇ ಬಿಡ್ತಾನೆ’ ಅಂದಳು.

ಈ ನಡುವೆ ಆ ದೃಶ್ಯವನ್ನು ಐದು ಸಲ ತಿದ್ದಿದೆ. ಒಮ್ಮೆ ಉಗ್ಗು ತೆಗೆದೆ. ಒಮ್ಮೆ ಮೇಡಂ ಅವರನ್ನೇ ತೆಗೆದೆ. ಏನು ಮಾಡಿದರೂ ನಿರ್ದೇಶಕರು ಒಂದೇ ಪ್ರಶ್ನೆ ಕೇಳುತ್ತಾರೆ: ‘ಈ ಹುಡುಗಿ ಇಷ್ಟು ಚುರುಕು. ಇಡೀ ಬೀದಿಯ ಮನಸ್ಸು ಓದ್ತಾಳೆ. ಇದೊಂದು ವಿಷಯ ಮಾತ್ರ ಇವಳಿಗೆ ಯಾಕೆ ಅರ್ಥ ಆಗಲಿಲ್ಲ? ನಾನು ನಂಬಲ್ಲ.’

ನಂಬಬಾರದು. ಅರ್ಥವಾಗಿತ್ತು.

ಮೇಡಂ ಐದು ಸಲ ಅದೇ ವಾಚು ತಂದಿದ್ದರು. ನೀವು ಐದು ಸಲವೂ ಅದರ ಹಿಂಬದಿ ತೆಗೆದು, ನೋಡಿ, ಏನೂ ಮಾಡದೆ ಮುಚ್ಚಿದಿರಿ. ಅದು ಸರಿಯಾಗಿಯೇ ನಡೆಯುತ್ತಿತ್ತು. ಹತ್ತು ವರ್ಷದವಳಾದರೂ ನನಗೆ ಅಷ್ಟು ಗೊತ್ತಾಗುತ್ತಿತ್ತು. ಇನ್ನೊಂದೂ ಗೊತ್ತಾಗುತ್ತಿತ್ತು. ಇಡೀ ಬೀದಿಯಲ್ಲಿ ನಿಮ್ಮ ಮಾತು ಮುಗಿಯುವವರೆಗೆ ಕಾಯುತ್ತಿದ್ದವರು ಅವರೊಬ್ಬರೇ. ಎಷ್ಟು ಹೊತ್ತಾದರೂ ಕೈಕಟ್ಟಿ ನಿಂತು ಕಾಯುತ್ತಿದ್ದರು, ನಾನು ಬಾಯಿ ಹಾಕಿದರೆ ‘ನೀನು ಸ್ವಲ್ಪ ತಡಿ ಪುಟ್ಟಿ’ ಅನ್ನುತ್ತಿದ್ದರು. ಅವರು ಬಂದರೆ ನನಗೇನು ಕೆಲಸ? ಮನೆಯಲ್ಲಿ ಅಪ್ಪ-ಅಮ್ಮ ನಾನು ನಿದ್ದೆ ಹೋದ ಮೇಲೆ ಬರುತ್ತಿದ್ದರು. ನಾನು ಬೇಕು ಅನ್ನುವ ಜಾಗ ಆ ಅಂಗಡಿಯ ಎತ್ತರದ ಸ್ಟೂಲು ಒಂದೇ.

ಆವತ್ತು ನೀವು ‘ನಿಮ್ಮ... ನಿಮ್ಮ ಜೊತೆ...’ ಎಂದು ನಿಂತಿರಿ. ನಾನು ಬೇಕೆಂದೇ ಹೇಳಿದೆ, ವಾಚು ಸರಿಹೋಗಲ್ಲ, ಇನ್ನು ಬರಬೇಡಿ ಅಂತಿದ್ದಾರೆ. ನೀವು ಮತ್ತೆ ಬಾಯಿ ತೆಗೆದಿರಿ. ನಾನು ಮತ್ತೆ ಹೇಳಿದೆ, ಇನ್ನೂ ಜೋರಾಗಿ. ಅವರು ವಾಚು ತೆಗೆದುಕೊಂಡು ಹೋದರು. ಇಪ್ಪತ್ತಾರು ವರ್ಷ ಇದನ್ನು ನಾನು ನಗೆಯ ಕಥೆಯಾಗಿ ನೆನಪಿಟ್ಟುಕೊಂಡೆ, ಆಮೇಲೆ ಹನ್ನೆರಡು ಜನರ ಮುಂದೆ ಓದಿಸಿದೆ.

ಹೊಟ್ಟೆಗೆ ಹಾಕಿಕೊಳ್ಳಿ ಅಂತ ಕೇಳಲು ನನಗೆ ಮುಖವಿಲ್ಲ. ಇಷ್ಟಾದ ಮೇಲೂ ನೀವು ನನ್ನನ್ನು ಒಳ್ಳೆಯ ಶಾಲೆಗೆ ಸೇರಿಸಿದಿರಿ, ಹಾಸ್ಟೆಲಿಗೆ ದುಡ್ಡು ಕಟ್ಟಿದಿರಿ. ಅದು ನೆನಪಾದಾಗಲೆಲ್ಲ ನನಗೆ ಇನ್ನಷ್ಟು ನಾಚಿಕೆಯಾಗುತ್ತದೆ.

ಬೈದಾದರೂ ಬರೆಯಿರಿ.


೧೯ ಆಗಸ್ಟ್

ವಕೀಲಮ್ಮನಿಗೆ,

ಮೂರು ಕಾಗದ ಬರೆದು ಹರಿದೆ. ನಿನ್ನ ಕೆಲಸ ಎಷ್ಟು ಕಷ್ಟ ಅಂತ ಈಗ ಗೊತ್ತಾಯಿತು.

ನೀನು ಬೇಕೆಂದೇ ಮಾಡಿದ್ದು ನನಗೆ ಆವತ್ತೇ ಗೊತ್ತು. ಮಾತು ಬರದವನಿಗೆ ಬೇರೆಯವರ ಮುಖ ನೋಡುವುದು ಬಿಟ್ಟು ಇನ್ನೇನು ಕೆಲಸ. ನೀನು ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ, ಬೆರಳು ಬೆಳ್ಳಗಾಗಿದ್ದವು. ಸುಳ್ಳು ಹೇಳುವಾಗ ನೀನು ಹಾಗೆಯೇ ಹಿಡಿಯುತ್ತಿದ್ದೆ. ಇಪ್ಪತ್ತಾರು ವರ್ಷ ನಾನು ಕೇಳಲಿಲ್ಲ, ನೀನು ಹೇಳಲಿಲ್ಲ. ನೀನೇ ಹೇಳಲಿ ಅಂತ ಕಾದೆ. ನಿನ್ನ ಕಾಗದ ಓದಿ ಅತ್ತೆ ಅಂತ ಬರೆದರೆ ಸಿನಿಮಾದ ಹಾಗಾಗುತ್ತದೆ. ಅಂಗಡಿ ಬಾಗಿಲು ಅರ್ಧ ಎಳೆದು ಕೂತೆ.

ಆದರೆ ನೀನು ಒಂದು ಕಡೆ ತಪ್ಪಿದ್ದೀಯ. ನೀನು ಮಾತು ಕೆಡಿಸಿದ ಮೇಲೆ ಮೇಡಂ ತಕ್ಷಣ ಹೋಗಲಿಲ್ಲ. ನನ್ನ ಮುಖ ನೋಡುತ್ತಾ ನಿಂತರು. ಬಹಳ ಹೊತ್ತು ನಿಂತರು. ನಿನ್ನನ್ನು ನಂಬಿರಲಿಲ್ಲ, ನನ್ನನ್ನು ಕೇಳುತ್ತಿದ್ದರು. ‘ಅಲ್ಲ’ ಅಂತ ತಲೆ ಅಲ್ಲಾಡಿಸಿದ್ದರೆ ಸಾಕಿತ್ತು. ತಲೆ ಅಲ್ಲಾಡಿಸಲು ಮಾತು ಬೇಕಿಲ್ಲ. ನಾನು ಅಲ್ಲಾಡಿಸಲಿಲ್ಲ. ಅವರು ಹೂಂ ಅಂದರೆ ದಿನವೂ ನನ್ನ ಬಾಯಿ ನೋಡುತ್ತಾ ಕೂರಬೇಕಲ್ಲ, ಎಷ್ಟು ದಿನ ಕಾದಾರು, ಅಂತ ಹೆದರಿದೆ. ಅವರು ಆರು ತಿಂಗಳು ಅದೇ ಲೈಬ್ರರಿಯಲ್ಲಿದ್ದರು, ಆಮೇಲೆ ವರ್ಗವಾಯಿತು. ಕಾಗದದಲ್ಲಿ ನನಗೆ ಉಗ್ಗಿಲ್ಲ. ಒಂದು ಸಾಲು ಬರೆಯಲಿಲ್ಲ. ನನ್ನ ಹೇಡಿತನಕ್ಕೆ ನಿನ್ನ ಬಾಯಿ ಅನುಕೂಲವಾಯಿತು.

ಈಗ ನಿನ್ನ ಕೊನೆಯ ದೃಶ್ಯ. ಅದರಲ್ಲಿ ರಿಪೇರಿಯವನು ತನ್ನ ವಾಚನ್ನು ಬಿಚ್ಚಿ ಹುಡುಗಿಯ ಕೈಗೆ ಕಟ್ಟಿ, ‘ಚೆನ್ನಾಗಿ ಓದು’ ಅಂತ ಒಂದೇ ಉಸಿರಿಗೆ ಹೇಳಿ, ಹಾಸ್ಟೆಲಿನ ಗೇಟಿನಲ್ಲಿ ಕೈಬೀಸುತ್ತಾನೆ. ಮನುಷ್ಯರ ವಿಷಯಕ್ಕೆ ತಲೆ ಹಾಕಬೇಡಿ ಅಂತ ನೀನು ಅಂದಿದ್ದೆ. ಹಾಕುತ್ತೇನೆ. ಇದು ಹದಿಮೂರನೆಯ ತಪ್ಪು.

ನಾನು ವಾಚು ಕಟ್ಟಲಿಲ್ಲ. ಕೈ ಬೀಸಲಿಲ್ಲ. ನಿನ್ನನ್ನು ಓದಿಸಬೇಕು ಅಂತ ಹಾಸ್ಟೆಲಿಗೆ ಹಾಕಲಿಲ್ಲ. ನಿನ್ನ ಮುಖ ನೋಡಲು ಆಗುತ್ತಿರಲಿಲ್ಲ, ಅದಕ್ಕೆ ಹಾಕಿದೆ. ‘ಇಲ್ಲೇ ಇದ್ರೆ ಅಂಗಡಿಯಲ್ಲೇ ಬೆಳೆದು ಹಾಳಾಗ್ತಾಳೆ’ ಅಂತ ಅಣ್ಣನಿಗೆ ಚೀಟಿ ಬರೆದು ತೋರಿಸಿದೆ, ಫೀಜು ನಾನು ಕಟ್ಟುತ್ತೇನೆ ಅಂದೆ. ಎಲ್ಲರೂ ಎಂಥ ದೊಡ್ಡ ಮನಸ್ಸು ಅಂದರು. ನಾನು ತಲೆ ತಗ್ಗಿಸಿದೆ, ಅದನ್ನೂ ಸಂಕೋಚ ಅಂದುಕೊಂಡರು. ಮೊದಲ ವರ್ಷ ನಿನಗೆ ಒಂದು ಕಾಗದವನ್ನೂ ಬರೆಯಲಿಲ್ಲ, ನೆನಪಿದೆಯಾ? ಕೋಪ ಇಳಿದಿರಲಿಲ್ಲ. ಹೆದರಿದವನು ನಾನು, ಶಿಕ್ಷೆ ಹತ್ತು ವರ್ಷದವಳಿಗೆ.

ನೀನು ಪ್ರತಿ ಕಾಗದದಲ್ಲೂ ನಿಮ್ಮ ಉಪಕಾರ, ನಿಮ್ಮ ಉಪಕಾರ ಅಂತ ಬರೆಯುತ್ತಿದ್ದೆ. ನಾನು ಓದಿ ಮಡಿಸಿಡುತ್ತಿದ್ದೆ. ತೆಗೆದುಕೊಳ್ಳಬಾರದ್ದನ್ನು ಇಷ್ಟು ವರ್ಷ ತೆಗೆದುಕೊಂಡೆ.

ದೃಶ್ಯ ತೆಗೆಯಬೇಡ. ಸರಿ ಮಾಡು.

ಚಿಕ್ಕಪ್ಪ


೫ ಸೆಪ್ಟೆಂಬರ್

ಚಿಕ್ಕಪ್ಪ,

ನನಗೆ ಕೋಪ ಬಂತು. ಮುಚ್ಚಿಟ್ಟು ಏನು ಪ್ರಯೋಜನ, ಬಂತು. ನಾನು ತಪ್ಪು ಒಪ್ಪಿಕೊಂಡು ಹಗುರಾಗೋಣ ಅಂದುಕೊಂಡಿದ್ದೆ, ನೀವು ನನ್ನ ಕೈಯಿಂದ ನನ್ನ ಅತ್ಯಂತ ಒಳ್ಳೆಯ ನೆನಪನ್ನೇ ಕಿತ್ತುಕೊಂಡಿರಿ. ಎರಡು ದಿನ ನಿಮಗೆ ಮನಸ್ಸಿನಲ್ಲೇ ಬೈದೆ. ಹಾಸ್ಟೆಲಿನಲ್ಲಿ ಮೊದಲ ವರ್ಷ ಯಾರಿಗೂ ಕೇಳಿಸದ ಹಾಗೆ ಹೊದಿಕೆ ಬಾಯಿಗೆ ತುರುಕಿಕೊಂಡು ಅಳುತ್ತಿದ್ದೆ. ಚಿಕ್ಕಪ್ಪ ನನಗಾಗಿ ಇಷ್ಟು ಮಾಡಿದ್ದಾರೆ, ಅಳಬಾರದು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಸುಳ್ಳು ಅಂದರೆ ಆ ಅಳುವನ್ನು ಏನು ಮಾಡಲಿ?

ಮೂರನೆಯ ದಿನ ಗೋಡೆಯ ಮುಂದೆ ನಿಂತೆ. ಕೊನೆಯ ದೃಶ್ಯದ ಚೀಟಿ ತೆಗೆದೆ. ಎಪ್ಪತ್ತು ಚೀಟಿಗಳಲ್ಲಿ ನಾನು ಒಮ್ಮೆಯೂ ಹಿಂದೆ ಮುಂದೆ ಮಾಡದೆ ಇದ್ದದ್ದು ಅದೊಂದೇ. ವಾಚು ಕಟ್ಟಿದ್ದು, ಕೈ ಬೀಸಿದ್ದು ನನ್ನ ಕಲ್ಪನೆ ಅಂತ ನನಗೂ ಗೊತ್ತಿತ್ತಲ್ಲ. ನನಗೆ ನೆನಪಿರುವುದು ಇಷ್ಟೇ: ನೀವು ರಿಜಿಸ್ಟರಿನಲ್ಲಿ ಸಹಿ ಮಾಡಿದಿರಿ, ಟ್ರಂಕು ನೆಲಕ್ಕಿಟ್ಟಿರಿ, ಹೋದಿರಿ. ದುಃಖ ತಡೆಯಲಾಗದೆ ಬೇಗ ಹೋದರು ಅಂತ ನಾನೇ ಅರ್ಥ ಕಟ್ಟಿಕೊಂಡೆ. ಆವತ್ತೂ ನಿಮ್ಮ ವಾಕ್ಯವನ್ನು ನಾನೇ ಮುಗಿಸಿದೆ.

ನಿರ್ದೇಶಕರಿಗೆ ಎಲ್ಲ ಹೇಳಿದೆ. ಅವರು ‘ಇದನ್ನ ಬರೆಯಿರಿ, ಇಲ್ಲಾಂದ್ರೆ ನಾನು ಮಾಡಲ್ಲ’ ಅಂದರು. ನಿರ್ಮಾಪಕರು ‘ನಾನು ಅತ್ತ ದೃಶ್ಯ ಎಲ್ಲಿ, ನಾನು ನಕ್ಕ ದೃಶ್ಯ ಎಲ್ಲಿ’ ಅಂತ ಕೇಳಿದರು. ‘ಎರಡೂ ಇವೆ, ಆದರೆ ಈಗ ನೀವು ಅಳುವುದೂ ನಗುವುದೂ ಕಷ್ಟ’ ಅಂದೆ. ಅವರು ಯೋಚಿಸುತ್ತಾರಂತೆ. ಕೈಬಿಟ್ಟರೂ ಬಿಟ್ಟಾರು. ಬೇರೆಯವರನ್ನು ಹುಡುಕುತ್ತೇನೆ.

ಮೂರನೆಯ ಕರಡು ಜೊತೆಗಿದೆ. ಈಗ ಅಂಗಡಿಯಲ್ಲಿ ಹುಡುಗಿ ಬೇಕೆಂದೇ ಹೇಳುತ್ತಾಳೆ. ಮೇಡಂ ಕಾಯುತ್ತಾರೆ. ಅವನು ತಲೆ ಅಲ್ಲಾಡಿಸುವುದಿಲ್ಲ. ಹಾಸ್ಟೆಲಿನ ದೃಶ್ಯ ಮುಕ್ಕಾಲು ಪುಟ: ಅವನು ಹೋಗುತ್ತಾನೆ, ತಿರುಗಿ ನೋಡುವುದಿಲ್ಲ, ಅಲ್ಲಿಗೆ ಮುಗಿಯುತ್ತದೆ. ಪುಟಗಳನ್ನು ಎಣಿಸಿದ್ದೇನೆ. ಯಾವುದೂ ತಪ್ಪಿಲ್ಲ.

ನಿಮ್ಮ ಮೇಲೆ ಕೋಪ ಇನ್ನೂ ಇದೆ. ನನ್ನ ಮೇಲೆಯೂ ಇದೆ. ಆದರೂ ಕಾಗದ ಬರೆಯುವುದನ್ನು ನಿಲ್ಲಿಸಬೇಡಿ, ಆ ಒಂದು ವರ್ಷದ ಹಾಗೆ.

ವಕೀಲಮ್ಮ


೨೦ ಸೆಪ್ಟೆಂಬರ್

ವಕೀಲಮ್ಮನಿಗೆ,

ಗಡಿಯಾರದ ತಪ್ಪು ಈ ಸಲ ಎರಡೇ. ಕೆಂಪು ಪೆನ್ಸಿಲಿನಲ್ಲಿ ಗುರುತು ಮಾಡಿದ್ದೇನೆ.

ಅಂಗಡಿಯ ದೃಶ್ಯ ಓದಿದೆ. ಅದರಲ್ಲಿರುವವನು ನಾನೇ. ಒಂದು ಅಕ್ಷರ ಬದಲಿಸಬೇಡ.

ಕೋಪ ಇಟ್ಟುಕೋ. ನಾನು ಒಂದು ವರ್ಷ ಇಟ್ಟುಕೊಂಡಿದ್ದೆ, ನಿನಗೂ ಅಷ್ಟು ಹಕ್ಕಿದೆ. ಕಾಗದ ನಿಲ್ಲುವುದಿಲ್ಲ.

ಕೊನೆಯ ದೃಶ್ಯದಲ್ಲಿ ‘ತಿರುಗಿ ನೋಡುವುದಿಲ್ಲ’ ಅಂತ ಬರೆದಿದ್ದೀಯ. ನಿನಗೆ ಕಂಡದ್ದು ಅಷ್ಟೇ, ನಿನ್ನ ತಪ್ಪಲ್ಲ. ಗೇಟಿನ ಎದುರಿಗೆ, ರಸ್ತೆಯ ಆಚೆ, ಒಂದು ಸೈಕಲ್ ರಿಪೇರಿ ಅಂಗಡಿ ಇತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು, ನಾನು ಅಲ್ಲಿ ತೂಗುಹಾಕಿದ್ದ ಟೈರುಗಳ ಹಿಂದೆ ನಿಂತೆ. ನೀನು ಟ್ರಂಕಿನ ಮೇಲೆ ಕೂತಿದ್ದೆ. ಹಾಸ್ಟೆಲಿನ ಮೇಲ್ವಿಚಾರಕಿ ಬಂದು ನಿನ್ನನ್ನು ಏನೋ ಕೇಳಿದರು. ಹೆಸರಿರಬೇಕು, ಇನ್ನೇನು ಕೇಳುತ್ತಾರೆ. ನೀನು ಎದ್ದು ನಿಂತು ಬಾಯಿ ತೆಗೆದೆ. ಮಾತು ಬರಲಿಲ್ಲ. ಅವರು ಮತ್ತೆ ಕೇಳಿದರು. ನೀನು ಮತ್ತೆ ಬಾಯಿ ತೆಗೆದೆ, ಮತ್ತೆ ಬರಲಿಲ್ಲ. ನನಗೆ ಆ ಬಾಯಿ ಗೊತ್ತು. ಒಳಗೆ ಏನಾಗುತ್ತದೆ ಅಂತ ಗೊತ್ತು. ಅವರು ತಮ್ಮ ಜೊತೆ ಕೆಲಸ ಮಾಡುವವಳೊಬ್ಬಳನ್ನು ಕರೆದು ಏನೋ ಅಂದರು, ಇಬ್ಬರೂ ನಕ್ಕರು. ನೀನು ಸುತ್ತ ನೋಡಿದೆ, ಯಾರಾದರೂ ನಿನ್ನ ಪರವಾಗಿ ಹೇಳುತ್ತಾರೇನೋ ಅಂತ.

ರಸ್ತೆ ದಾಟಿದರೆ ಹತ್ತು ಹೆಜ್ಜೆ. ನಾನು ಬರಲಿಲ್ಲ. ಮಾತು ಸಿಕ್ಕಿಕೊಂಡರೆ ಹೇಗಿರುತ್ತದೆ ಅಂತ ನಿನಗೂ ಗೊತ್ತಾಗಲಿ ಅಂದುಕೊಂಡೆ.

ಅದನ್ನು ಸೇರಿಸು. ಎಷ್ಟು ಪುಟ ಬೇಕೋ ತೆಗೆದುಕೋ.

ಚಿಕ್ಕಪ್ಪ